ಜಗಲಿಗೆ ಬಾಡಿಗೆಯುಂಟೆ?

ಬಿಸು ಸಮೀಪಿಸುತ್ತಿದ್ದಂತೆ ನಮ್ಮ ಮನೆಯಲ್ಲಿ ಕೆಲಸ ಹೆಚ್ಚುತ್ತದೆ. ಅಟ್ಟದ ಹಾಸಿಗೆಗಳನ್ನು ಇಳಿಸಿ ಬಿಸಿಲಿಗೆ ಹಾಕಬೇಕು, ಮಾಡಿನ ಒಡೆದ ಹಂಚುಗಳನ್ನು ಬದಲಾಯಿಸಬೇಕು, ಹಲಸಿನ ಹಪ್ಪಳ ಒತ್ತಬೇಕು, ಪುನರ್ಪುಳಿಯ ಸಿಪ್ಪೆ ಒಣಗಿಸಿ ಭರಣಿಗೆ ತುಂಬಬೇಕು. ಹಿಂದೆ ಇವೆಲ್ಲ ಮಳೆಗಾಲಕ್ಕಾಗಿ ನಡೆಯುತ್ತಿದ್ದ ಸಿದ್ಧತೆಗಳು. ಈಗ ಬೇಸಗೆಯ ರಜೆಯಲ್ಲಿ ಬರುವ ಪ್ರವಾಸಿಗಳಿಗಾಗಿಯೂ ನಡೆಯುತ್ತವೆ. ಕಾಸರಗೋಡಿನ ಒಳನಾಡಿನಲ್ಲಿ ಅಡಿಕೆ ತೋಟದ ನಡುವೆ ಇರುವ ನಮ್ಮ ಹಿರಿಯರ ಮನೆಯ ಮೂರು ಕೋಣೆಗಳನ್ನು ನಿವೃತ್ತಿಯ ಬಳಿಕ ನಾವು ಪ್ರವಾಸಿಗಳ ವಾಸ್ತವ್ಯಕ್ಕೆ ತೆರೆದೆವು. ಮಕ್ಕಳು ದೂರದ ನಗರಗಳಲ್ಲಿದ್ದಾರೆ. ಕೊಳೆರೋಗ ಬಂದ ವರ್ಷಗಳಲ್ಲಿ ತೋಟದ ಆದಾಯ ಮನೆಯ ಮಾಡಿನ ದುರಸ್ತಿಗೂ ಸಾಲುತ್ತಿರಲಿಲ್ಲ. ಬೇಕಲದ ಕೋಟೆ, ಅನಂತಪುರದ ಸರೋವರ ಕ್ಷೇತ್ರ ನೋಡಲು ಬರುವವರು ಎರಡು ದಿನ ನಮ್ಮಲ್ಲಿ ತಂಗುತ್ತಾರೆ. ಹಣ ಕೊಟ್ಟು ಹೋಗುತ್ತಾರೆ.

ಹಣ ಕೊಟ್ಟು ತಂಗುವವನನ್ನು ಅತಿಥಿಯೆಂದು ಕರೆಯಬಹುದೆ? ಈ ಪ್ರಶ್ನೆಯನ್ನು ಮೊದಲು ಕೇಳಿದವರು ನಮ್ಮ ಬಂಧುಗಳೇ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ತಾಯಿ, ತಂದೆ, ಆಚಾರ್ಯರ ಬಳಿಕ ಅತಿಥಿಯನ್ನೂ ದೇವರ ಸ್ಥಾನದಲ್ಲಿ ಇರಿಸಿತು. ತಿಥಿ ಗೊತ್ತುಮಾಡದೆ ಬರುವವನೇ ಅತಿಥಿ ಎಂಬುದು ರೂಢಿಯ ವಿವರಣೆ. ನಮ್ಮಲ್ಲಿಗೆ ಬರುವವರಾದರೋ ತಿಥಿಯನ್ನೂ ಕೋಣೆಯನ್ನೂ ತಿಂಗಳ ಮೊದಲೇ ಗೊತ್ತುಮಾಡಿ, ಮುಂಗಡ ಕಳುಹಿಸಿ ಬರುವವರು. ಅನ್ನವನ್ನು ಮಾರಬಾರದೆಂದು ನಂಬಿದ ಮನೆತನದಲ್ಲಿ ಊಟಕ್ಕೆ ಬೆಲೆಯಿಡುವುದೆಂದರೆ ನಮಗೂ ಮೊದಮೊದಲು ಕೈ ನಡುಗುತ್ತಿತ್ತು.

ಆಲೋಚಿಸುತ್ತ ಹೋದಂತೆ ಆ ಅಳುಕು ಕಡಿಮೆಯಾಯಿತು. ಇದೇ ಕರಾವಳಿಯಿಂದ ಮುಂಬಯಿಗೂ ಮದರಾಸಿಗೂ ಹೋಗಿ ಹೋಟೆಲುಗಳಲ್ಲಿ ದುಡಿದವರ ಸಂಪಾದನೆಯಿಂದ ಎಷ್ಟೋ ಮನೆಗಳು ನಿಂತಿವೆ, ಎಷ್ಟೋ ಮಕ್ಕಳು ಓದಿದ್ದಾರೆ. ದುಡಿಮೆಗೆ ನ್ಯಾಯವಾದ ಪ್ರತಿಫಲ ಪಡೆಯುವುದನ್ನು ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂದು ಗೌರವಿಸಿದರು. ಹಣಕ್ಕೆ ಇನ್ನೊಂದು ಗುಣವೂ ಇದೆ. ಪುಕ್ಕಟೆ ಉಂಡವನು ಸಾರಿಗೆ ಉಪ್ಪು ಕಡಿಮೆಯೆಂದು ಹೇಳಲಾರ. ಹಣ ಕೊಟ್ಟವನು ಹೇಳಬಲ್ಲ. ಹಂಗಿಲ್ಲದೆ ಎದ್ದು ಹೋಗಬಲ್ಲ. ಉಪಚಾರದ ಭಾರದಿಂದ ಬಂದವನನ್ನು ಕುಗ್ಗಿಸುವ ಆತಿಥ್ಯವನ್ನೂ ನಾವು ಬಾಲ್ಯದಲ್ಲಿ ಕಂಡವರೇ. ಆದುದರಿಂದ ಕೋಣೆಗೆ ಬಾಡಿಗೆ ಪಡೆಯುವುದರಲ್ಲಿ ದೋಷವಿಲ್ಲವೆಂದು ತೀರ್ಮಾನಿಸಿ ನೆಮ್ಮದಿಯಾಗಿದ್ದೆವು. ದೋಷ ಬೇರೆಡೆಯಲ್ಲಿತ್ತು.

ನಮ್ಮ ಮನೆಗೆ ನೀರು ಬರುವುದು ಸುರಂಗದಿಂದ. ಈ ಸೀಮೆಯ ಹಿರಿಯರು ಮುರಕಲ್ಲಿನ ಗುಡ್ಡವನ್ನು ಅಡ್ಡವಾಗಿ ಕೊರೆದು, ಒಸರುವ ನೀರನ್ನು ಯಂತ್ರದ ನೆರವಿಲ್ಲದೆ ಅಂಗಳಕ್ಕೆ ಇಳಿಸಿದರು. ಒಬ್ಬನೇ ನುಗ್ಗಬಹುದಾದ ಆ ಕತ್ತಲೆಯಲ್ಲಿ ದೀಪವಿಟ್ಟು ಪಿಕ್ಕಾಸಿನಿಂದ ಕಡಿಯಬೇಕು. ದೀಪ ನಂದಿದರೆ ಉಸಿರಿಗೂ ಅಪಾಯವೆಂದರಿತು ಹೊರಬರಬೇಕು. ತಂದೆಯವರ ಕಾಲದಲ್ಲಿ ನಮ್ಮ ಸುರಂಗವನ್ನು ಮುಂದಕ್ಕೆ ಕೊರೆದವರೊಬ್ಬರು ಇಂದಿಗೂ ನಮ್ಮ ನೆರೆಯಲ್ಲಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಪೇಟೆಗೆ ಹೋಗಿ ಮರಳುವಾಗ ನಮ್ಮ ಜಗಲಿಯಲ್ಲಿ ಕುಳಿತು, ಬೆಲ್ಲ-ನೀರು ಕುಡಿದು, ಸುರಂಗದಲ್ಲಿ ನೀರು ಎಷ್ಟಿದೆಯೆಂದು ವಿಚಾರಿಸಿ ಹೋಗುವುದು ಅವರ ರೂಢಿ.

ಕೆಲವು ವರ್ಷಗಳ ಹಿಂದೆ, ಒಂದು ಮೇ ತಿಂಗಳ ಮಧ್ಯಾಹ್ನ, ಅವರು ಅಂಗಳಕ್ಕೆ ಬಂದರು. ಜಗಲಿಯಲ್ಲಿ ಪ್ರವಾಸಿಗಳ ಕುಟುಂಬವೊಂದು ವಿಶ್ರಮಿಸುತ್ತಿತ್ತು. ಅಡುಗೆಮನೆಯ ಬದಿಯಿಂದ ಬನ್ನಿರೆಂದು ನಾವು ಕೈಸನ್ನೆ ಮಾಡಿದೆವು. ಅವರು ಕ್ಷಣಕಾಲ ನಿಂತು, "ಜನ ಇದ್ದಾರಲ್ಲ ಮಾಷ್ಟ್ರೇ, ಇನ್ನೊಮ್ಮೆ ಬರುತ್ತೇನೆ" ಎಂದು ತಿರುಗಿ ನಡೆದರು. ಒಳಗಿನಿಂದ ಇದನ್ನು ಕಂಡ ನಮ್ಮ ಮನೆಯಾಕೆ, "ಇವರು ಜನವಾದರೆ ಅವರು ಯಾರು?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರವಾಸಿಗಳು ಸ್ನಾನ ಮಾಡುತ್ತಿದ್ದುದೂ ಕುಡಿಯುತ್ತಿದ್ದುದೂ ಆ ಮುದುಕರು ಕೊರೆದ ಸುರಂಗದ ನೀರನ್ನೇ. ಮಳೆ ಹಿಡಿಯುವವರೆಗೂ ಅವರು ನಮ್ಮತ್ತ ಬರಲಿಲ್ಲ.

ಹಿಂದಿನವರ ಜಗಲಿ ಎಲ್ಲರಿಗೂ ಸಮನಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಯಾರು ಜಗಲಿಗೆ, ಯಾರು ಅಂಗಳಕ್ಕೆ, ಯಾರು ಹಿತ್ತಿಲಿಗೆ ಎಂಬುದನ್ನು ಹುಟ್ಟು ನಿರ್ಧರಿಸುತ್ತಿದ್ದ ಕಾಲವದು. ಅದನ್ನು ಮೀರಬೇಕೆಂದು ಮೂವತ್ತು ವರ್ಷಕ್ಕೂ ಮಿಕ್ಕಿ ತರಗತಿಯಲ್ಲಿ ಬೋಧಿಸಿದವರು ನಾವು. ಅಂಥ ನಾವೇ ಹುಟ್ಟಿನ ಗೆರೆಯನ್ನು ಅಳಿಸಿ, ಅದೇ ಜಾಗದಲ್ಲಿ ಹಣದ ಗೆರೆ ಎಳೆದಿದ್ದೆವು. 1956ರ ಬಳಿಕ ಗಡಿನಾಡಿನ ಕನ್ನಡಿಗರು ಸ್ವಂತ ಊರಿನ ಕಚೇರಿಗಳಲ್ಲಿಯೇ ಹೊರಗಿನವರಂತೆ ನಿಂತು ಕಾದ ಸಂದರ್ಭಗಳು ಈ ಸಂಚಿಕೆಯ ಓದುಗರಿಗೆ ಹೊಸತಲ್ಲ. ಆ ನೋವನ್ನು ಬಲ್ಲ ನಾವು ಅದನ್ನೇ ಇನ್ನೊಬ್ಬರಿಗೆ ನಮ್ಮ ಅಂಗಳದಲ್ಲಿ ಕೊಟ್ಟೆವು.

ಹಾಗಾದರೆ ಪ್ರಶ್ನೆಯನ್ನೇ ನಾವು ತಪ್ಪಾಗಿ ಕೇಳಿಕೊಂಡಿದ್ದೆವು. ಹಣ ಕೊಡುವವನು ಅತಿಥಿಯೇ ಎಂಬುದಕ್ಕಿಂತ, ಅವನಿಗೆ ಬಾಗಿಲು ತೆರೆದ ಮೇಲೆ ಹಣ ಕೊಡದವನಿಗೆ ಆ ಬಾಗಿಲು ಏನಾಯಿತು ಎಂಬುದು ಮುಖ್ಯ. ಕಾಯಕದ ಮಾತನ್ನು ಅನುಕೂಲಕ್ಕೆ ಬಳಸಿಕೊಂಡ ನಾವು, ಶರಣರು ಅದರ ಜೊತೆಗೇ ಇರಿಸಿದ ದಾಸೋಹವನ್ನು ಮರೆತಿದ್ದೆವು. ಹೋಂಸ್ಟೇ ನಡೆಸುವವರು ಅದೇ ಮನೆಯಲ್ಲಿ ವಾಸವಾಗಿರಬೇಕೆಂದು ಕೇರಳದ ಪ್ರವಾಸೋದ್ಯಮ ಇಲಾಖೆಯ ನಿಯಮವಿದೆ. ವಾಸವಾಗಿರುವುದೆಂದರೆ ಮಲಗಿ ಏಳುವುದಷ್ಟೇ ಅಲ್ಲ. ನೆರೆಯವರು ಬಂದುಹೋಗುವ ಮನೆಯಾಗಿ ಅದನ್ನು ಉಳಿಸಿಕೊಳ್ಳುವುದೂ ಹೌದು.

ಜೂನ್ ತಿಂಗಳಲ್ಲಿ ನಾವಿಬ್ಬರೂ ಆ ಹಿರಿಯರ ಮನೆಗೆ ಹೋದೆವು. ಕ್ಷಮೆಯ ಮಾತನ್ನು ಅವರು ಮುಂದುವರಿಸಗೊಡಲಿಲ್ಲ. ಬೆಲ್ಲ-ನೀರು ಕೊಟ್ಟು ಮಳೆಯ ವಿಷಯ ಮಾತನಾಡಿದರು. ಮರುವರ್ಷದಿಂದ, ಕೋಣೆಗಳಷ್ಟೇ ನಿಮ್ಮವು, ಜಗಲಿ ಊರವರದ್ದು ಎಂದು ಬರುವವರಿಗೆ ಮೊದಲೇ ತಿಳಿಸುತ್ತಿದ್ದೇವೆ. ನೀರು ತಗ್ಗುವ ಮೇ ತಿಂಗಳಲ್ಲಿ ಎರಡು ಕೋಣೆಗಳನ್ನಷ್ಟೇ ಕೊಡುತ್ತೇವೆ. ಇದರಿಂದ ನಷ್ಟವಿಲ್ಲವೆಂದಲ್ಲ. ಏಕಾಂತ ಸಿಗಲಿಲ್ಲವೆಂದು ಒಂದು ಕುಟುಂಬ ಒಂದು ದಿನ ಮೊದಲೇ ಹೊರಟುಹೋಯಿತು. ಉಳಿದ ಹಣವನ್ನು ಹಿಂದಿರುಗಿಸಿದೆವು. ಅವರ ಅಪೇಕ್ಷೆಯೂ ತಪ್ಪಲ್ಲ. ಅದನ್ನು ಒದಗಿಸುವ ವಸತಿಗೃಹಗಳು ಪೇಟೆಯಲ್ಲಿವೆ.

ಈ ವರ್ಷದ ಮೊದಲ ಕುಟುಂಬ ಬರಲು ಇನ್ನು ಒಂದು ವಾರವಿದೆ. ಆ ಹಿರಿಯರಿಗೆ ಈಗ ಮೊದಲಿನಷ್ಟು ನಡೆಯಲಾಗದು. ಆದರೂ ವಾರಕ್ಕೊಮ್ಮೆ ಬರುತ್ತಾರೆ. ಮೊನ್ನೆ ಬಂದಾಗ ಸುರಂಗದ ಬಾಯಿಯ ತನಕ ಹೋಗಿ ನೋಡಿ, ಮಳೆಯವರೆಗೆ ಸಾಕಾದೀತು ಎಂದರು. ಸಮ್ಮೇಳನಕ್ಕೆ ಬಂದ ಬಂಧುಗಳು ನಮ್ಮ ದಾರಿಯಾಗಿ ಹೋಗುವುದಾದರೆ ಜಗಲಿಯಲ್ಲಿ ಕುಳಿತು ದಣಿವಾರಿಸಿಕೊಳ್ಳಬೇಕೆಂದು ವಿನಂತಿ. ಅದಕ್ಕೆ ಮೊದಲೇ ತಿಳಿಸಬೇಕಾಗಿಲ್ಲ.