ಹಳೆಯ ಆಟಗಾರನ ಕೂಲಿ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವವರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ಅಂಬಿಗನಿಗೆ ಮುಂದಿನ ಮೂರು ವರ್ಷದ ಕೂಲಿಯನ್ನೂ ಬರೆದುಕೊಟ್ಟಿದ್ದರೆ? ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ (ಹೆಸರು ಫುಟ್‌ಬಾಲ್, ಆಟ ಬಹುಪಾಲು ಕೈಯದು) ಈ ಪ್ರಶ್ನೆ ವರ್ಷವರ್ಷವೂ ಏಳುತ್ತದೆ.

ಅಲ್ಲಿನ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ, 2010ನೆಯ ವರ್ಷವೊಂದನ್ನು ಬಿಟ್ಟರೆ, 1994ರಿಂದಲೂ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿಯುಂಟು. ಮೊದಲು 3 ಕೋಟಿ 46 ಲಕ್ಷ ಡಾಲರ್ ಇದ್ದದ್ದು 2024ರಲ್ಲಿ 25 ಕೋಟಿ 54 ಲಕ್ಷವಾಯಿತು. ಮಿತಿ ಮೀರುವಂತಾದಾಗ ತಂಡದವರು ಹಿರಿಯ ಆಟಗಾರನ ಕರಾರನ್ನು ಬಿಚ್ಚಿ ಹೊಸದಾಗಿ ಹೆಣೆಯುತ್ತಾರೆ. ಇದರಲ್ಲಿ ಎರಡು ಬಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಮೊದಲನೆಯದು ಲೆಕ್ಕದ ಜಾಣತನ. ಸಂಬಳದ 1 ಕೋಟಿ ಡಾಲರನ್ನು ಬೋನಸ್ ಎಂದು ಕರೆದು ಮುಂಗಡವಾಗಿ ಕೊಟ್ಟುಬಿಟ್ಟರೆ, ಲೆಕ್ಕದಲ್ಲಿ ಅದನ್ನು ಹೆಚ್ಚೆಂದರೆ 5 ವರ್ಷಕ್ಕೆ ಹಂಚಬಹುದು. ವರ್ಷಕ್ಕೆ 20 ಲಕ್ಷ. ಆಟಗಾರನಿಗೆ ಕಾಸಿನ ನಷ್ಟವಿಲ್ಲ. ಆತ ಹೊರಟುಹೋದ ಮೇಲೆ ಮಾತ್ರ ಉಳಿದ ಭಾರ ತಂಡದ ತಲೆಯ ಮೇಲೆ ಬೀಳುತ್ತದೆ; ಅದಕ್ಕೆ ಅಲ್ಲಿಯವರು 'ಸತ್ತ ಹಣ' ಎನ್ನುತ್ತಾರೆ. ಅಜ್ಜ ಮಾಡಿದ ಸಾಲವನ್ನು ಮೊಮ್ಮಗ ತೀರಿಸಿದಂತೆ.

ಎರಡನೆಯದು ನಿಜವಾದ ಕಡಿತ. 2023ರ ಜುಲೈಯಲ್ಲಿ ಆರನ್ ರಾಜರ್ಸ್ ತಾವಾಗಿಯೇ ಸುಮಾರು 3 ಕೋಟಿ 50 ಲಕ್ಷ ಡಾಲರ್ ಬಿಟ್ಟುಕೊಟ್ಟರು. ಸೆಪ್ಟೆಂಬರಿನಲ್ಲಿ, ಹೊಸ ತಂಡದ ಪರ ಆಡಿದ ಮೊದಲ ಲೀಗ್ ಆಟದಲ್ಲೇ ಹಿಮ್ಮಡಿಯ ನರ ಹರಿಯಿತು. ಇಂಥ ಆಟದಲ್ಲಿ ಗಾಯದ ಖಾತರಿಯನ್ನು ಬಿಡಲೊಲ್ಲದವನನ್ನು ದುರಾಸೆಯವನೆನ್ನಲು ನಮಗೆ ಬಾಯಿ ಬರುವುದಿಲ್ಲ.

ಅದೇ ವರ್ಷ ಡೆನ್ವರ್ ತಂಡ ಆ ಖಾತರಿಯನ್ನು ಬಿಡುವಂತೆ ಕೇಳಿತೆಂದೂ, ಇಲ್ಲವಾದರೆ ಕೂರಿಸುವುದಾಗಿ ಹೇಳಿತೆಂದೂ ರಸೆಲ್ ವಿಲ್ಸನ್ ಬಹಿರಂಗವಾಗಿ ಹೇಳಿದರು. ತಮ್ಮನ್ನು ಕೂರಿಸಿದ್ದು ಗೆಲ್ಲಲಿಕ್ಕೆಂದು ತರಬೇತುದಾರರ ಉತ್ತರ. 2024ರಲ್ಲಿ ಅವರನ್ನು ಕೈಬಿಟ್ಟಾಗ ತಂಡದ ಮೇಲೆ ಬಿದ್ದ ಸತ್ತ ಹಣ, ಎರಡು ವರ್ಷದ ಲೆಕ್ಕದಲ್ಲಿ, 8 ಕೋಟಿ 50 ಲಕ್ಷ.

"ನಿನಗೆ ಕೊಟ್ಟದ್ದು ನಿನ್ನ ಸಂಗಡಿಗನ ತಟ್ಟೆಯಿಂದ ಹೋಗುತ್ತದೆ" ಎಂದು ಒಡೆಯರು ಹೇಳಬಹುದು. ಮಿತಿಯಿರುವಲ್ಲಿ ಅದು ಸುಳ್ಳಲ್ಲ. ಆದರೆ ಮಿತಿಯ ಒಪ್ಪಂದಕ್ಕೆ ಒಡೆಯರೂ ಸಹಿ ಹಾಕಿದವರು. ಕರಾರು ಬರೆದಾಗ ಅದು ಅವರ ಕಣ್ಣೆದುರಿಗೇ ಇತ್ತು. ಬಿಟ್ಟುಕೊಟ್ಟ ಹಣ ಸಂಗಡಿಗನಿಗೇ ಸೇರಿದರೆ ಅದನ್ನು ತ್ಯಾಗವೆನ್ನೋಣ. ಒಡೆಯರ ತಿಜೋರಿಯಲ್ಲಿ ಉಳಿದರೆ ಅದಕ್ಕೆ ಆ ಹೆಸರು ಏಕೆ? ಇನ್ನು, ಒಲ್ಲೆನೆಂದರೆ ಕೆಲಸ ಹೋಗುವುದೆಂದು ತಿಳಿದವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸಲು ನಾವು ಸಿದ್ಧರಿಲ್ಲ.