ಚಂಡೆಯ ನಡುವಿನ ಪುಂಗಿ

ಮಳೆಗಾಲ ಕಳೆದು ಕೊಯ್ಲು ಮುಗಿದ ಮೇಲೆ ಕಾರವಾರ, ಅಂಕೋಲಾ ಸೀಮೆಯ ಬಯಲುಗಳಲ್ಲಿ ಯಕ್ಷಗಾನದ ಆಟಗಳು ನಡೆಯುವುದನ್ನು ನೀವು ಬಲ್ಲಿರಿ. ಚಂಡೆಯ ಸದ್ದು ಗದ್ದೆಗಳನ್ನು ದಾಟಿ ಆಚೆಯ ಊರನ್ನು ಮುಟ್ಟುತ್ತದೆ. ಇಂಥ ಹಿಮ್ಮೇಳದಲ್ಲಿಯೇ ಹಿಂದಿನ ಕಾಲಕ್ಕೆ ಪುಂಗಿಯೊಂದು ಇರುತ್ತಿತ್ತು. ಅದು ಸೋರೆಬುರುಡೆಗೆ ನಾಲಗೆಯುಳ್ಳ ಕೊಳವೆಯನ್ನು ಸೇರಿಸಿ ಮಾಡಿದ ಸಣ್ಣ ಸುಷಿರವಾದ್ಯ. ರಾಗವನ್ನು ನುಡಿಸುವುದು ಅದರ ಕೆಲಸವಲ್ಲ. ಎಡೆಬಿಡದ ಒಂದೇ ನಾದದಿಂದ ಭಾಗವತರಿಗೆ ಶ್ರುತಿಯನ್ನು ಕೊಡುವುದಷ್ಟೇ. ಕೆನ್ನೆಯಲ್ಲಿ ಗಾಳಿಯನ್ನು ಕೂಡಿಟ್ಟುಕೊಂಡು, ಮೂಗಿನಿಂದ ಉಸಿರೆಳೆಯುತ್ತ ಊದಬೇಕಾದ ಕಷ್ಟದ ವಿದ್ಯೆ ಅದು. ಇಷ್ಟಾಗಿಯೂ, ಎದುರಿಗೆ ನೆರೆದ ಜನರಲ್ಲಿ ಪುಂಗಿಯನ್ನು ಕೇಳಲೆಂದೇ ಬಂದವರು ಯಾರಿದ್ದಾರು?

ಹಾಗಾದರೆ ಅವನ ನಾದ ಕೇಳಿಸಿತೆ, ಕೇಳಿಸಲಿಲ್ಲವೆ? ಈ ಪ್ರಶ್ನೆ ಸಂಗೀತಕ್ಕೆ ಮಾತ್ರ ಸೇರಿದ್ದಲ್ಲ. ತುಂಬಿದ ಮನೆಯಲ್ಲಿ, ಪಂಚಾಯಿತಿಯಲ್ಲಿ, ಮಠದ ಸಭೆಯಲ್ಲಿಯೂ ಮೆಲುದನಿಯವರೊಬ್ಬರು ಇದ್ದೇ ಇರುತ್ತಾರೆ. ‘ಸ್ವಲ್ಪ ಗಟ್ಟಿಯಾಗಿ ಮಾತನಾಡಿ’ ಎಂದು ಅವರಿಗೆ ಬುದ್ಧಿ ಹೇಳುವುದು ರೂಢಿ. ಈ ಬುದ್ಧಿವಾದವು ನಮಗೆ ಸರಿದೋರುವುದಿಲ್ಲ. ಕೊಳಲನ್ನೇ ನೋಡಿರಿ. ಕೆಳಗಿನ ಸ್ಥಾಯಿಯಲ್ಲಿ ನುಡಿಯುತ್ತಿರುವಾಗ ರಭಸದಿಂದ ಊದಿದರೆ ಮೊದಲು ಶ್ರುತಿ ಏರುತ್ತದೆ. ಇನ್ನೂ ಊದಿದರೆ ಸ್ವರವು ಒಮ್ಮೆಗೇ ಮೇಲಿನ ಸ್ಥಾಯಿಗೆ ನೆಗೆಯುತ್ತದೆ. ಆಗ ಕೇಳಿಸುವುದೇನೋ ನಿಜ. ಆದರೆ ಕೇಳಿಸಿದ್ದು ಅವನು ನುಡಿಸಬೇಕೆಂದಿದ್ದ ಸ್ವರವಲ್ಲ. ಶ್ರುತಿಗೆಂದೇ ಕುಳಿತವನು ಹಟಕ್ಕೆ ಬಿದ್ದರಂತೂ ಪದ್ಯವೇ ಕೆಟ್ಟಿತು.

ಆದುದರಿಂದ ಹೊಣೆಯು ಚಂಡೆಯ ಕಡೆಗೆ ತಿರುಗುತ್ತದೆ. ಬಡಗುತಿಟ್ಟಿನ ಹಿಮ್ಮೇಳದವರು ಇದನ್ನು ಚೆನ್ನಾಗಿ ಬಲ್ಲರು. ಪದ್ಯದ ಜೊತೆಗೆ ನಡೆಯುವುದು ಮುಖ್ಯವಾಗಿ ಮದ್ದಳೆ. ಚಂಡೆಯು ವೀರರೌದ್ರಗಳಿಗೆ, ಯುದ್ಧಕ್ಕೆ ಎದ್ದು ಬರುತ್ತದೆ. ಕರುಣದ ಪದ್ಯಕ್ಕೆ ಸುಮ್ಮನಿರುತ್ತದೆ. ಆ ಸುಮ್ಮನಿರುವಿಕೆಯೂ ಚಂಡೆಯವನು ಕಲಿತ ವಿದ್ಯೆಯೇ. ಪಶ್ಚಿಮದಲ್ಲಿಯೂ ಇದಕ್ಕೆ ನಿದರ್ಶನವುಂಟು. ಫ್ರಾನ್ಸಿನ ರವೆಲ್ 1928ರಲ್ಲಿ ರಚಿಸಿದ ‘ಬೊಲೆರೊ’ ಕೃತಿಯ ಆರಂಭದಲ್ಲಿ, ದೊಡ್ಡ ವಾದ್ಯವೃಂದವೇ ಕುಳಿತಿದ್ದರೂ, ಮೆಲ್ಲನೆ ಬಡಿಯುವ ಸಣ್ಣ ಚರ್ಮವಾದ್ಯದ ಮೇಲೆ ಕೊಳಲಿನ ಕೆಳದನಿಯು ತಿಳಿಯಾಗಿ ಕೇಳಿಸುತ್ತದೆ. ಅದು ಕೊಳಲಿಗನ ಎದೆಬಲದಿಂದ ಅಲ್ಲ, ಉಳಿದವರು ಕಾದು ಕುಳಿತಿದ್ದರಿಂದ.

ಧ್ವನಿವರ್ಧಕವಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದನ್ನು ಎಲ್ಲರ ಮುಂದೆಯೂ ಇಟ್ಟಾಗ ಚಂಡೆಯೂ ಅಷ್ಟೇ ಹಿಗ್ಗುತ್ತದೆ. ಪುಂಗಿಯ ಜಾಗಕ್ಕೆ ಹಾರ್ಮೋನಿಯಂ ಬಂದಿತು, ಅನಂತರ ವಿದ್ಯುತ್ತಿನ ಶ್ರುತಿಪೆಟ್ಟಿಗೆ ಬಂದಿತು. ಊದುವವನಿಗೆ ಬಿಡುವಾಯಿತು, ಕೆಲಸವೂ ಹೋಯಿತು.

ಇನ್ನೊಂದು ಸೂಕ್ಷ್ಮವಿದೆ. ಪುಂಗಿಯು ಕೇಳಿಸಬೇಕಾಗಿದ್ದುದು ಮುಖ್ಯವಾಗಿ ಭಾಗವತರ ಕಿವಿಗೆ. ಅವರು ಅದನ್ನು ಆಲಿಸಿ ಹಾಡಿದರೆ, ಅವರ ಕಂಠದ ಮೂಲಕ ಅದು ಜನರೆಲ್ಲರನ್ನೂ ಮುಟ್ಟಿತು. ಮದ್ದಳೆ, ಚಂಡೆಗಳನ್ನೂ ಭಾಗವತರ ಶ್ರುತಿಗೇ ಹೊಂದಿಸಿಕೊಳ್ಳುತ್ತಾರೆ; ಪುಂಗಿಯನ್ನು ಮುಳುಗಿಸುವ ಚಂಡೆಯೂ ಅದು ಹಿಡಿದ ಸ್ವರದಲ್ಲಿಯೇ ಮೊಳಗುತ್ತಿರುತ್ತದೆ. ಪುಂಗಿಯವನು ಇದನ್ನು ನೆನೆದು ಸಮಾಧಾನಪಟ್ಟುಕೊಂಡರೆ ಒಪ್ಪತಕ್ಕದ್ದೇ. ಚಂಡೆಯವನು ಅದೇ ಸಮಾಧಾನವನ್ನು ಅವನಿಗೆ ಹೇಳಹೊರಟರೆ ಮಾತು ಬೇರೆಯಾಗುತ್ತದೆ. ನಮ್ಮ ಸಭೆಗಳಲ್ಲಿ ಮೆಲುದನಿಯವರಿಗೆ ‘ನಿಮ್ಮ ಸೇವೆ ಎಲ್ಲರಿಗೂ ಗೊತ್ತಿದೆ’ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುವವರು, ಬಹುಮಟ್ಟಿಗೆ, ಚಂಡೆಯ ಕೋಲನ್ನು ಕೈಯಲ್ಲಿ ಹಿಡಿದವರೇ.