ಕೋಗಿಲೆಯ ದೃಷ್ಟಾಂತ

ಬಣ್ಣ ಒಂದೇ ಆದರೂ ವಸಂತ ಬಂದೊಡನೆ ದನಿಯಿಂದಲೇ ಕಾಗೆ ಕೋಗಿಲೆಗಳ ಭೇದ ತಿಳಿಯುವುದೆಂಬ ಹಳೆಯ ಸುಭಾಷಿತವನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತವರೇ. ಸೊಲ್ಲಾಪುರದ ಚೈತ್ರದ ಬಿಸಿಲಿನಲ್ಲಿ ಬೇವಿನ ಮರದೊಳಗಿಂದ ಕೂಗು ಕೇಳಿದರೆ ತಲೆಯೆತ್ತಿ ನೋಡದೆಯೇ ಕೋಗಿಲೆಯೆಂದು ಬಲ್ಲೆವು. ಕಿವಿ ಪಳಗಿದಂತೆ ಮಡಿವಾಳ ಹಕ್ಕಿಯ ಸಿಳ್ಳು, ಪಿಕಳಾರದ ನುಡಿ ಪರಿಚಿತವಾಗುತ್ತವೆ. 1979ರಿಂದ ಎರೆಭೂತ ಪಕ್ಷಿಗಾಗಿ ರಕ್ಷಿತವಾಗಿರುವ ನಾನ್ನಜದ ಹುಲ್ಲುಗಾವಲಿನಲ್ಲಿ, ಹಾಡುತ್ತ ಬಾನಿಗೇರುವ ನೆಲಗುಬ್ಬಿಯನ್ನೂ ದನಿಯಿಂದ ಗುರುತಿಸಬಹುದು. ಇಂದು ಕೈಯಲ್ಲಿನ ಫೋನು ಕೂಡ ಹಾಡು ಕೇಳಿ ಹಕ್ಕಿಯ ಹೆಸರು ಹೇಳುತ್ತದೆ. ಆದರೆ ಹೆಸರು ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಹಕ್ಕಿಗೆ ಆ ದನಿ ಎಲ್ಲಿಂದ ಬಂದಿತು?

ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಮರಿ ಕಾಗೆಯ ಗುಟುಕಿನಿಂದ ಬೆಳೆಯುತ್ತದೆ. ಆದರೂ ಪ್ರಾಯಕ್ಕೆ ಬಂದಾಗ ಕೋಗಿಲೆಯ ದನಿಯನ್ನೇ ತೆಗೆಯುತ್ತದೆ. ಗಡಿಯ ಕನ್ನಡಿಗರಾದ ನಮಗೆ ಈ ದೃಷ್ಟಾಂತ ಬಲು ಪ್ರಿಯ. ಮಕ್ಕಳು ಎಲ್ಲಿ ಬೆಳೆದರೇನು, ಕನ್ನಡ ರಕ್ತದಲ್ಲಿಯೇ ಇದೆ, ಅದು ತಾನಾಗಿ ಹೊಮ್ಮೀತು ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ.

ಈ ಸಮಾಧಾನಕ್ಕೆ ಆಧಾರವಿಲ್ಲ. ಪ್ರಾಣಿಶಾಸ್ತ್ರದ ವರ್ಗೀಕರಣದಲ್ಲಿ ಕೋಗಿಲೆ ಹಾಡುಹಕ್ಕಿಗಳ ಗುಂಪಿಗೆ ಸೇರಿಲ್ಲ. ಸೋಜಿಗವೆಂದರೆ ಕಾಗೆ ಸೇರಿದೆ! ಕೋಗಿಲೆಯ ಕೂಗು ಹುಟ್ಟಿನೊಡನೆ ಬಂದುದು. ಹಾಡುಹಕ್ಕಿಗಳಾದರೋ ಹಿರಿಯರ ಹಾಡನ್ನು ಕೇಳಿ ಕಲಿಯುತ್ತವೆ. ಕೇಂಬ್ರಿಜ್ಜಿನ ಥಾರ್ಪ್ ಎಂಬ ವಿದ್ವಾಂಸರು ಚಾಫಿಂಚ್ ಎಂಬ ಹಕ್ಕಿಯ ಮರಿಗಳನ್ನು ಹಿರಿಯ ಹಕ್ಕಿಗಳ ದನಿ ಕೇಳದಂತೆ ಸಾಕಿ, ಅದರ ಫಲವನ್ನು 1958ರಲ್ಲಿ ಪ್ರಕಟಿಸಿದರು. ಆ ಮರಿಗಳು ಬೆಳೆದು ಹಾಡಿದವು, ನಿಜ. ಆದರೆ ಅದು ತಮ್ಮ ಕುಲದ ಪೂರ್ಣವಾದ ಹಾಡಾಗಿರಲಿಲ್ಲ. ಕೊರಳು ಇದ್ದಿತು, ಹಾಡಬೇಕೆಂಬ ತುಡಿತವೂ ಇದ್ದಿತು. ಕಲಿಸುವ ದನಿ ಇರಲಿಲ್ಲ.

ನುಡಿಯ ವಿಷಯದಲ್ಲಿ ಮನುಷ್ಯನು ಕೋಗಿಲೆಯ ಜಾತಿಯವನಲ್ಲ, ಹಾಡುಹಕ್ಕಿಯ ಜಾತಿಯವನು. ಅಕ್ಕಲಕೋಟೆಯ ಮಗುವಿಗೆ ಕನ್ನಡವು ರಕ್ತದಿಂದಲ್ಲ, ಅಜ್ಜಿಯ ಬಾಯಿಂದ, ಗುರುಗಳ ಬಾಯಿಂದ ಬರಬೇಕು. ಹಾಗೆಂದು ಮರಾಠಿ ನಮಗೆ ಹಗೆಯಲ್ಲ. ಪೇಟೆಯಲ್ಲಿ, ಕಚೇರಿಯಲ್ಲಿ ಅದು ನಮಗೆ ಅನ್ನವಿಕ್ಕಿದೆ. ಗುಟುಕು ಕೊಟ್ಟ ಗೂಡನ್ನು ನಿಂದಿಸುವುದು ಕೃತಘ್ನತೆ.

ಮಗುವಿಗೆ ಇಷ್ಟವಿಲ್ಲದ ನುಡಿಯನ್ನು ಹೇರುವ ಹಕ್ಕು ಹಿರಿಯರಿಗುಂಟೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಹಿರಿಯ ಹಕ್ಕಿ ಮರಿಗೆ ಹಾಡನ್ನು ಹೇರುವುದಿಲ್ಲ. ಮರಿಯ ಕಿವಿಗೆ ಬೀಳುವಂತೆ ತಾನು ಹಾಡುತ್ತದೆ, ಅಷ್ಟೆ. ಕೇಳಿದುದನ್ನು ಮಗು ಮುಂದೆ ಇಟ್ಟುಕೊಳ್ಳಬಹುದು, ಬಿಡಲೂಬಹುದು. ಕೇಳದೆಯೇ ಇದ್ದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಾದರೂ ಅದಕ್ಕೆ ಎಲ್ಲಿಯದು? ನಾವು ಮೌನವಾಗಿದ್ದರೆ ಮಗುವಿನ ಆಯ್ಕೆಯನ್ನು ನಾವೇ ಮಾಡಿ ಮುಗಿಸಿದಂತೆ.

ತರಗತಿಯಲ್ಲಿ ಒಬ್ಬ ಹುಡುಗ ಕನ್ನಡ ಓದುವಾಗ ತಡವರಿಸಿದರೆ ನಾವು ಅವನನ್ನು ಗದರಿಸುತ್ತೇವೆ. ಇಲ್ಲವೆ ಅವನ ಬೆರಕೆ ಮಾತಿಗೆ ನಗುತ್ತೇವೆ. ಥಾರ್ಪರ ಮರಿಗಳ ಹಾಡು ಕುಂದಿದುದು ಮರಿಗಳ ತಪ್ಪಿನಿಂದಲ್ಲ. ದನಿಯಿಂದ ಹಕ್ಕಿಯನ್ನು ಗುರುತಿಸುವ ನಾವು, ಆ ಹುಡುಗನ ದನಿಯಲ್ಲಿ ನಮ್ಮನ್ನೂ ಗುರುತಿಸಿಕೊಳ್ಳಬೇಕು. ಅವನು ಕೇಳುವಂತೆ ನಾವು ಎಷ್ಟು ದಿನ, ಎಷ್ಟು ಪ್ರೀತಿಯಿಂದ ಕನ್ನಡವನ್ನಾಡಿದ್ದೇವೆ? ಅವನನ್ನು ತಿದ್ದುವ ಮೊದಲು ಈ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಧರ್ಮ.